ಕಿರುಪೆಟ್ಟಿಗೆಯ ಗಣಕಯಂತ್ರ

1946ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಲೋಕದ ಕಣ್ಣಿಗೆ ಬಿದ್ದ ಎನಿಯಾಕ್ ಎಂಬ ಗಣಕಯಂತ್ರವು ಒಂದು ದೊಡ್ಡ ಹಜಾರವನ್ನೇ ತುಂಬಿಕೊಂಡಿತ್ತು. ಅದರ ತೂಕ ಸುಮಾರು 30 ಟನ್. ಅದರಲ್ಲಿದ್ದ ನಿರ್ವಾತ ನಳಿಗೆಗಳು ಸುಮಾರು 18,000. ಅದು ಬಳಸುತ್ತಿದ್ದ ವಿದ್ಯುತ್ತು ಸುಮಾರು 150 ಕಿಲೋವಾಟ್. ಅದಕ್ಕಿಂತ ಕೋಟಿಗೂ ಮಿಕ್ಕಿದ ಪಾಲು ವೇಗದಿಂದ ಲೆಕ್ಕ ಮಾಡಬಲ್ಲ ಯಂತ್ರವು ಇಂದು ಒಂದು ಸಣ್ಣ ಬಕೆಟ್ಟಿನಷ್ಟು ಜಾಗದಲ್ಲಿ, ಎಂದರೆ 10 ಲೀಟರಿನ ಪೆಟ್ಟಿಗೆಯಲ್ಲಿ, ಅಡಕವಾಗಿ ಮೇಜಿನ ಮೂಲೆಯಲ್ಲಿ ಕುಳಿತಿರುತ್ತದೆ. ಬಿಡಿಭಾಗಗಳನ್ನು ಕೊಂಡುತಂದು ಇಂಥ ಯಂತ್ರವನ್ನು ತಾವೇ ಜೋಡಿಸಿಕೊಳ್ಳಬೇಕೆಂಬ ಆಸೆ ಅನೇಕ ವಿದ್ಯಾರ್ಥಿಗಳಿಗೆ ಇರುವುದು ಸಹಜವೆ. ಹಾಗೆ ಜೋಡಿಸುವವರು ಮೊದಲು ಕೇಳಿಕೊಳ್ಳುವ ಪ್ರಶ್ನೆ, "ಭಾಗಗಳೆಲ್ಲ ಈ ಪೆಟ್ಟಿಗೆಯಲ್ಲಿ ಹಿಡಿಸುವುವೆ?" ಎಂಬುದು. ಆದರೆ ಪೆಟ್ಟಿಗೆಯನ್ನು ಎಷ್ಟು ಚಿಕ್ಕದು ಮಾಡಬಹುದೆಂಬುದನ್ನು ನಿರ್ಣಯಿಸುವ ಪ್ರಶ್ನೆ ಬೇರೊಂದಿದೆ. ಅದು ಉಷ್ಣಕ್ಕೆ ಸಂಬಂಧಿಸಿದ್ದು. ಆ ಪ್ರಶ್ನೆ ಯಾವುದು, ಅದಕ್ಕೆ ಭೌತವಿಜ್ಞಾನವು ಯಾವ ಉತ್ತರವನ್ನು ಕೊಡುತ್ತದೆ ಎಂಬುದನ್ನು ಈಗ ನೋಡೋಣ.

ಜಾಗದ ಲೆಕ್ಕ

ಮೊದಲು ಜಾಗದ ಲೆಕ್ಕವನ್ನೇ ಮುಗಿಸಿಬಿಡೋಣ. ಗಣಕಯಂತ್ರದ ಭಾಗಗಳೆಲ್ಲ ಒಂದಕ್ಕೊಂದು ಕೂಡಿಕೊಳ್ಳುವ ಹಲಗೆಗೆ ಮದರ್‌ಬೋರ್ಡು ಎಂದು ಹೆಸರು. 1995ರಲ್ಲಿ ಇಂಟೆಲ್ ಸಂಸ್ಥೆ ರೂಪಿಸಿದ ಎ.ಟಿ.ಎಕ್ಸ್. ಎಂಬ ಮಾನಕದಂತೆ ಇದರ ಅಳತೆ 305 ಮಿಲಿಮೀಟರು ಉದ್ದ, 244 ಮಿಲಿಮೀಟರು ಅಗಲ. 2001ರಲ್ಲಿ ವಯಾ ಎಂಬ ಸಂಸ್ಥೆಯು ಮಿನಿ-ಐ.ಟಿ.ಎಕ್ಸ್. ಎಂಬ ಕಿರಿಯ ಮಾನಕವನ್ನು ಹೊರತಂದಿತು. ಇದರ ಉದ್ದಗಲಗಳೆರಡೂ 170 ಮಿಲಿಮೀಟರು ಮಾತ್ರ. ಮನೆಯ ವಿದ್ಯುತ್ತನ್ನು ಯಂತ್ರಕ್ಕೆ ಬೇಕಾದ ಕಡಮೆ ವೋಲ್ಟೇಜಿಗೆ ಇಳಿಸಿಕೊಡುವ ಎಸ್.ಎಂ.ಪಿ.ಎಸ್. ಪೆಟ್ಟಿಗೆಯಲ್ಲಿಯೂ ಎಸ್.ಎಫ್.ಎಕ್ಸ್. ಎಂಬ ಕಿರಿಯ ಮಾದರಿಯಿದೆ. ಅದರ ಅಳತೆ 125, 100, 63.5 ಮಿಲಿಮೀಟರು.

ಈ ಅಳತೆಗಳಿಂದ ಘನಫಲವನ್ನು ಲೆಕ್ಕ ಹಾಕಬಹುದು. ತಂಪುಗೊಳಿಸುವ ಸಲಕರಣೆಯೂ ಸೇರಿದಂತೆ ಮದರ್‌ಬೋರ್ಡಿಗೆ ಸುಮಾರು 2 ಲೀಟರು, ಎಸ್.ಎಂ.ಪಿ.ಎಸ್.ಗೆ 0.8 ಲೀಟರು, ಗಿಡ್ಡನೆಯ ಗ್ರಾಫಿಕ್ಸ್ ಕಾರ್ಡೊಂದಕ್ಕೆ ಸುಮಾರು 1 ಲೀಟರು. ಸ್ಮರಣೆಯ ಪಟ್ಟಿಗಳೂ ದತ್ತಾಂಶವನ್ನು ಕಾಪಿಡುವ ಎಸ್.ಎಸ್.ಡಿ.ಯೂ ಬೋರ್ಡಿನ ಮೇಲೆಯೇ ಕೂರುವುದರಿಂದ ಅವಕ್ಕೆ ಬೇರೆ ಜಾಗ ಬೇಡ. ಒಟ್ಟು 4 ಲೀಟರಿಗಿಂತ ಕಡಮೆಯಾಯಿತು! ಹೀಗಿರುವಲ್ಲಿ 10 ಲೀಟರಿನ ಪೆಟ್ಟಿಗೆ ಧಾರಾಳವಾಯಿತಲ್ಲವೆ ಎಂದು ಓದುಗರು ಕೇಳಬಹುದು. ಉಳಿದ 6 ಲೀಟರು ಯಾರ ಪಾಲಿಗೆ? ತಂತಿಗಳಿಗೆ ಸ್ವಲ್ಪ, ಮಿಕ್ಕದ್ದೆಲ್ಲ ಗಾಳಿಯ ಪಾಲಿಗೆ.

ಶಕ್ತಿ ಎಲ್ಲಿಗೆ ಹೋಗುತ್ತದೆ?

ವಿದ್ಯುತ್ ಮೋಟಾರು ನೀರನ್ನು ಮೇಲಕ್ಕೆ ಎತ್ತಿದಾಗ ವಿದ್ಯುಚ್ಛಕ್ತಿಯ ಒಂದು ಭಾಗ ಆ ನೀರಿನಲ್ಲಿ ಸ್ಥಿತಿಶಕ್ತಿಯಾಗಿ ನಿಲ್ಲುತ್ತದೆ. ಗಣಕಯಂತ್ರದಲ್ಲಿ ಹಾಗೆ ನಿಲ್ಲುವುದು ಏನೂ ಇಲ್ಲ. ಎಷ್ಟೇ ಜಟಿಲವಾದ ಲೆಕ್ಕವನ್ನು ಮಾಡಿದರೂ ಆ ಲೆಕ್ಕದ ಉತ್ತರದಲ್ಲಿ ಶಕ್ತಿ ಶೇಖರವಾಗುವುದಿಲ್ಲ. ಒಳಹೊಕ್ಕ ವಿದ್ಯುಚ್ಛಕ್ತಿಯೆಲ್ಲವೂ ಉಷ್ಣವಾಗಿ ಪರಿಣಮಿಸುತ್ತದೆ. ಶಕ್ತಿನಿತ್ಯತೆಯ ನಿಯಮದ ದೃಷ್ಟಿಯಿಂದ 300 ವಾಟ್ ಬಳಸುವ ಗಣಕಯಂತ್ರಕ್ಕೂ 300 ವಾಟ್‌ನ ಹೀಟರಿಗೂ ಯಾವ ಭೇದವೂ ಇಲ್ಲ.

ನಮ್ಮ ಉದಾಹರಣೆಯ ಯಂತ್ರವನ್ನೇ ತೆಗೆದುಕೊಳ್ಳೋಣ. ಪೂರ್ಣ ವೇಗದಲ್ಲಿ ದುಡಿಯುವಾಗ ಪ್ರಾಸೆಸರು 80 ವಾಟ್, ಗ್ರಾಫಿಕ್ಸ್ ಕಾರ್ಡು 160 ವಾಟ್, ಇತರ ಭಾಗಗಳೆಲ್ಲ ಸೇರಿ 30 ವಾಟ್ ಬಳಸುವುವೆನ್ನೋಣ. ಒಟ್ಟು 270 ವಾಟ್. ಎಸ್.ಎಂ.ಪಿ.ಎಸ್.ನ ದಕ್ಷತೆ ನೂರಕ್ಕೆ ತೊಂಬತ್ತಾದರೆ ಗೋಡೆಯ ಪ್ಲಗ್ಗಿನಿಂದ 300 ವಾಟ್ ಎಳೆಯಬೇಕಾಗುತ್ತದೆ. ಹೆಚ್ಚಿನ 30 ವಾಟ್ ಎಸ್.ಎಂ.ಪಿ.ಎಸ್.ನಲ್ಲಿಯೇ ಉಷ್ಣವಾಗುತ್ತದೆ. ಎಂದರೆ ಪೆಟ್ಟಿಗೆಯೊಳಗೆ ಪ್ರತಿ ಸೆಕೆಂಡಿಗೆ 300 ಜೌಲ್ ಉಷ್ಣ ಹುಟ್ಟುತ್ತಿರುತ್ತದೆ.

ಪೆಟ್ಟಿಗೆಯನ್ನು ಎಲ್ಲ ಕಡೆಯಿಂದಲೂ ಮುಚ್ಚಿಬಿಟ್ಟರೆ ಏನಾದೀತು? 10 ಲೀಟರು ಗಾಳಿಯ ತೂಕ ಸುಮಾರು 12 ಗ್ರಾಮು. ಒಂದು ಗ್ರಾಮು ಗಾಳಿಯ ತಾಪವನ್ನು ಒಂದು ಡಿಗ್ರಿ ಏರಿಸಲು ಸುಮಾರು 1 ಜೌಲ್ ಸಾಕು. ಆದುದರಿಂದ ಉಷ್ಣವೆಲ್ಲ ಗಾಳಿಗೇ ಸೇರುವುದಾದರೆ ಅದರ ತಾಪ ಸೆಕೆಂಡಿಗೆ 25 ಡಿಗ್ರಿಯಂತೆ ಏರಬೇಕಾಗುತ್ತದೆ! ವಸ್ತುತಃ ಲೋಹದ ಭಾಗಗಳೂ ಉಷ್ಣವನ್ನು ಹೀರುತ್ತವೆ. ಪೆಟ್ಟಿಗೆಯ ಮೈಯಿಂದ ಒಂದಿಷ್ಟು ಹೊರಕ್ಕೆ ಹೋಗುತ್ತದೆ. ಹಾಗೆ ಹೋಗುವುದು ಎಷ್ಟು? ನಿಶ್ಚಲವಾದ ಗಾಳಿಯ ನಡುವೆ ಇಟ್ಟ ಬಣ್ಣ ಬಳಿದ ಲೋಹದ ಒಂದು ಚದರ ಮೀಟರು ಮೈ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ, ಸಂವಹನ ಮತ್ತು ವಿಕಿರಣಗಳೆರಡರಿಂದಲೂ ಸೇರಿ, ಸರಿಸುಮಾರು 10 ವಾಟ್ ಉಷ್ಣವನ್ನು ಹೊರಗೆಡಹಬಲ್ಲುದು. 21, 45, 48 ಸೆಂಟಿಮೀಟರು ಅಳತೆಯ ದೊಡ್ಡ ಕ್ಯಾಬಿನೆಟ್ಟಿನ ಮೇಲ್ಮೈ 0.82 ಚದರ ಮೀಟರು. ಅದರ ಮೈ ಕೋಣೆಗಿಂತ ಸುಮಾರು 37 ಡಿಗ್ರಿ ಹೆಚ್ಚು ಬಿಸಿಯಾದರೆ 300 ವಾಟ್ ಹೊರಹೋಗುತ್ತದೆ. 20, 20, 25 ಸೆಂಟಿಮೀಟರು ಅಳತೆಯ ನಮ್ಮ ಕಿರುಪೆಟ್ಟಿಗೆಯ ಮೇಲ್ಮೈ 0.28 ಚದರ ಮೀಟರು. ಅದು ಕೋಣೆಗಿಂತ 107 ಡಿಗ್ರಿ ಹೆಚ್ಚು ಬಿಸಿಯಾಗಬೇಕು! ಮೇಲ್ಮೈ ಮೂರನೆಯ ಒಂದು ಪಾಲಿಗೆ ಇಳಿಯಿತು. ಉಷ್ಣ ಮಾತ್ರ ಕಿಂಚಿತ್ತೂ ಇಳಿಯಲಿಲ್ಲ. ಕಿರುಪೆಟ್ಟಿಗೆಯ ತೊಡಕೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಗಾಳಿಯ ಹೊಳೆ

ಮೈಯಿಂದ ಹೋಗದ ಉಷ್ಣವನ್ನು ಹರಿಯುವ ಗಾಳಿಯೇ ಹೊತ್ತೊಯ್ಯಬೇಕು. ಒಳಬರುವ ಗಾಳಿಗಿಂತ ಹೊರಹೋಗುವ ಗಾಳಿ 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗಕೂಡದೆಂದು ನಿಯಮ ಮಾಡಿಕೊಂಡರೆ, ಒಂದು ಲೀಟರು ಗಾಳಿ ಸುಮಾರು 12 ಜೌಲ್ ಹೊರಬಲ್ಲುದು. 300 ಜೌಲಿಗೆ 25 ಲೀಟರು ಗಾಳಿ ಬೇಕು; ಅದೂ ಪ್ರತಿ ಸೆಕೆಂಡಿಗೆ. ಪೆಟ್ಟಿಗೆಯಲ್ಲಿರುವ ಗಾಳಿ ಪೂರ್ತಿಯಾಗಿ ಸೆಕೆಂಡಿಗೆ ಎರಡೂವರೆ ಸಲ ಬದಲಾಗುತ್ತಿರಬೇಕೆಂದು ಇದರ ಅರ್ಥ. ಮೇಜಿನ ಮೇಲೆ ಸದ್ದಿಲ್ಲದೆ ಕುಳಿತಂತೆ ಕಾಣುವ ಆ ಪೆಟ್ಟಿಗೆ ನಿಜವಾಗಿ ಗಾಳಿಯ ಹೊಳೆಗೆ ಕಟ್ಟಿದ ಕಾಲುವೆ.

ಈ ಹೊಳೆಯನ್ನು ಹರಿಸುವುದು ಫ್ಯಾನು. ಒಂದೇ ಆಕಾರದ ಎರಡು ಫ್ಯಾನುಗಳನ್ನು ಹೋಲಿಸಿದರೆ, ಅವು ತಳ್ಳುವ ಗಾಳಿಯ ಪ್ರಮಾಣವು ಸುತ್ತುವ ವೇಗಕ್ಕೂ ವ್ಯಾಸದ ಘನಕ್ಕೂ ಅನುಪಾತದಲ್ಲಿರುತ್ತದೆ. 120 ಮಿಲಿಮೀಟರಿನ ಫ್ಯಾನಿಗೆ ಎಡೆಯಿಲ್ಲವೆಂದು 80 ಮಿಲಿಮೀಟರಿನದನ್ನು ಇಟ್ಟರೆ, ಅಷ್ಟೇ ಗಾಳಿಗಾಗಿ ಅದು ಸುಮಾರು 3.4 ಪಾಲು ವೇಗವಾಗಿ ಸುತ್ತಬೇಕಾಗುತ್ತದೆ. ವೇಗ ಹೆಚ್ಚಿದಂತೆ ಸದ್ದೂ ಹೆಚ್ಚುವುದು. ಚಿಕ್ಕ ಯಂತ್ರಗಳು ಕೆಲವೊಮ್ಮೆ ದೊಡ್ಡವುಗಳಿಗಿಂತ ಹೆಚ್ಚಾಗಿ ಕಿರುಚುವುದಕ್ಕೆ ಇದೇ ಕಾರಣ.

ಚಿಪ್ಪಿನಿಂದ ಗಾಳಿಯವರೆಗೆ

ಉಷ್ಣವು ಹುಟ್ಟುವುದು ಉಗುರಿನಷ್ಟಗಲದ ಸಿಲಿಕಾನ್ ಚಿಪ್ಪಿನಲ್ಲಿ. ಅಲ್ಲಿಂದ ಅದು ಗಾಳಿಯನ್ನು ಸೇರುವ ದಾರಿಯನ್ನು ಓಮನ ನಿಯಮದ ಸಹಾಯದಿಂದ ತಿಳಿಯಬಹುದು. ವಿದ್ಯುತ್ ಪ್ರವಾಹದ ಬದಲು ಉಷ್ಣಪ್ರವಾಹ, ವೋಲ್ಟೇಜಿನ ಬದಲು ತಾಪದ ವ್ಯತ್ಯಾಸ ಎಂದಿಟ್ಟುಕೊಂಡರಾಯಿತು. ದಾರಿಯಲ್ಲಿ ಎಲ್ಲೆಲ್ಲಿ ಅಡಚಣೆಯಿದೆಯೋ ಅಲ್ಲಲ್ಲಿ ತಾಪ ಇಳಿಯುತ್ತದೆ.

ಎರಡು ಲೋಹದ ಮೈಗಳು ನಮ್ಮ ಕಣ್ಣಿಗೆ ನುಣುಪಾಗಿ ಕಂಡರೂ ಅವುಗಳ ನಡುವೆ ಸೂಕ್ಷ್ಮವಾದ ಗಾಳಿಯ ಪದರ ಉಳಿದಿರುತ್ತದೆ. ಗಾಳಿಯು ಉಷ್ಣದ ಅತ್ಯಂತ ದುರ್ಬಲ ವಾಹಕ. ಆದ್ದರಿಂದ ಆ ಸಂದುಗಳನ್ನು ಥರ್ಮಲ್ ಪೇಸ್ಟಿನಿಂದ ತುಂಬುತ್ತಾರೆ. ಅದರ ಮೇಲಿನ ತಾಮ್ರದ ತಟ್ಟೆಗೆ ಉಷ್ಣನಳಿಗೆಗಳು ಹೊಂದಿಕೊಂಡಿರುತ್ತವೆ. 1963ರಲ್ಲಿ ಅಮೆರಿಕದ ಲಾಸ್ ಅಲಮಾಸ್ ಪ್ರಯೋಗಶಾಲೆಯಲ್ಲಿ ಜಾರ್ಜ್ ಗ್ರೋವರ್ ಅವರು ನಿರ್ಮಿಸಿ ತೋರಿಸಿದ ಈ ನಳಿಗೆಯ ಉಪಾಯ ಬಹು ಸೊಗಸಾದದ್ದು. ಗಾಳಿಯನ್ನು ತೆಗೆದುಹಾಕಿದ, ಎರಡು ಕಡೆಯೂ ಮುಚ್ಚಿದ ತಾಮ್ರದ ಕೊಳವೆಯಲ್ಲಿ ತುಸು ನೀರಿರುತ್ತದೆ. ಬಿಸಿಯ ತುದಿಯಲ್ಲಿ ನೀರು ಆವಿಯಾಗಿ ಗುಪ್ತೋಷ್ಣವನ್ನು ಹೀರಿಕೊಳ್ಳುತ್ತದೆ. ತಂಪು ತುದಿಯಲ್ಲಿ ಆವಿ ಮತ್ತೆ ನೀರಾಗಿ ಆ ಉಷ್ಣವನ್ನು ಬಿಟ್ಟುಕೊಡುತ್ತದೆ. ಕೊಳವೆಯ ಒಳಮೈಯ ಬತ್ತಿಯಂಥ ಪದರದ ಮೂಲಕ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ನೀರು ಹಿಂದಿರುಗುತ್ತದೆ. ತಂಪು ತುದಿಗೆ ಜೋಡಿಸಿದ ತೆಳುವಾದ ಅಲ್ಯುಮಿನಿಯಂ ರೆಕ್ಕೆಗಳು ಉಷ್ಣವನ್ನು ಗಾಳಿಗೆ ಒಪ್ಪಿಸುತ್ತವೆ.

ಕಿರುಪೆಟ್ಟಿಗೆಯಲ್ಲಿ ಹಿಡಿಸುವ ಗಿಡ್ಡ ಕೂಲರೊಂದರ ಒಟ್ಟು ಅಡಚಣೆ ಪ್ರತಿ ವಾಟ್‌ಗೆ ಅರ್ಧ ಡಿಗ್ರಿ ಎನ್ನೋಣ. 80 ವಾಟ್‌ನ ಪ್ರಾಸೆಸರು ತನಗೆ ದೊರೆತ ಗಾಳಿಗಿಂತ 40 ಡಿಗ್ರಿ ಮೇಲಿರುತ್ತದೆ. ಕೋಣೆಯ ಗಾಳಿ 30 ಡಿಗ್ರಿಯಿದ್ದು ಅದೇ ನೇರವಾಗಿ ಕೂಲರಿಗೆ ದೊರೆತರೆ ಪ್ರಾಸೆಸರು 70 ಡಿಗ್ರಿಯಲ್ಲಿ ನಿಲ್ಲುತ್ತದೆ. ಗ್ರಾಫಿಕ್ಸ್ ಕಾರ್ಡು ಉಗುಳಿದ ಗಾಳಿಯನ್ನೇ ಕೂಲರು ನುಂಗುತ್ತಿದ್ದರೆ, ಆ ಗಾಳಿ 45 ಡಿಗ್ರಿಯಿರಬಹುದು. ಆಗ ಪ್ರಾಸೆಸರು 85 ಡಿಗ್ರಿ. ಇನ್ನು ರಾಯಚೂರಿನ ಅಥವಾ ಕಲಬುರಗಿಯ ಬೇಸಗೆಯಲ್ಲಿ ಕೋಣೆಯೇ 40 ಡಿಗ್ರಿಯಿದ್ದರೆ ಅದು 95 ಡಿಗ್ರಿ ಮುಟ್ಟುತ್ತದೆ. ಇಂದಿನ ಬಹುಪಾಲು ಪ್ರಾಸೆಸರುಗಳ ಮಿತಿ 95ರಿಂದ 100 ಡಿಗ್ರಿ. ಮಿತಿ ಮುಟ್ಟಿದೊಡನೆ ಚಿಪ್ಪು ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನಾಗಿ ತಗ್ಗಿಸುತ್ತದೆ. ಹೊಗೆಯಿಲ್ಲ, ಸ್ಫೋಟವಿಲ್ಲ, ಕೂಡಿಟ್ಟ ಹಣವನ್ನು ತೆತ್ತು ಕೊಂಡ ವೇಗ ಮಾತ್ರ ಸದ್ದಿಲ್ಲದೆ ಕೈಬಿಟ್ಟು ಹೋಗಿರುತ್ತದೆ.

ಎರಡು ನಿದರ್ಶನಗಳು

ಆಪಲ್ ಸಂಸ್ಥೆಯು 2000ದಲ್ಲಿ ಜಿ-4 ಕ್ಯೂಬ್ ಎಂಬ ಗಣಕಯಂತ್ರವನ್ನು ಹೊರತಂದಿತು. ಅದರಲ್ಲಿ ಫ್ಯಾನೇ ಇರಲಿಲ್ಲ. ಬಿಸಿಗಾಳಿ ಹಗುರವಾಗಿ ಮೇಲೇರುವುದಷ್ಟೆ. ಒಲೆಯ ಹೊಗೆಗೂಡಿನಂತೆ ತಳದಿಂದ ಗಾಳಿ ಬಂದು ನೆತ್ತಿಯಿಂದ ಹೊರಹೋಗುತ್ತಿತ್ತು. ಎಸ್.ಎಂ.ಪಿ.ಎಸ್. ಅನ್ನು ಹೊರಗಿಟ್ಟು ಅದರ ಉಷ್ಣವನ್ನೂ ದೂರಮಾಡಿದ್ದರು. ಅಂದಿನ ಚಿಪ್ಪುಗಳ ಉಷ್ಣ ಅಲ್ಪವಾಗಿದ್ದುದರಿಂದ ಈ ಉಪಾಯ ಸಾಧ್ಯವಾಯಿತು.

ಅದೇ ಸಂಸ್ಥೆಯ 2013ರ ಮ್ಯಾಕ್ ಪ್ರೊ ಸುಮಾರು 25 ಸೆಂಟಿಮೀಟರು ಎತ್ತರದ ಸ್ತಂಭಾಕೃತಿ. ಒಳಗೆ ಒಂದು ತ್ರಿಕೋಣಾಕಾರದ ಲೋಹದ ತಿರುಳು; ಅದರ ಮೂರು ಮುಖಗಳಿಗೆ ಒಂದು ಪ್ರಾಸೆಸರು, ಎರಡು ಗ್ರಾಫಿಕ್ಸ್ ಚಿಪ್ಪುಗಳು; ಇವೆಲ್ಲಕ್ಕೂ ಒಂದೇ ಫ್ಯಾನು. ಉಷ್ಣವು ಮೂರು ಮುಖಗಳಿಗೆ ಹಂಚಿಹೋಗುವವರೆಗೆ ಎಲ್ಲವೂ ಸರಿಯಾಗಿತ್ತು. ಆದರೆ ಮುಂದಿನ ವರ್ಷಗಳಲ್ಲಿ ಒಂದೇ ಚಿಪ್ಪು ಅತಿಯಾದ ವಿದ್ಯುತ್ತನ್ನು ಬೇಡತೊಡಗಿತು. ಒಂದು ಮುಖ ಅಷ್ಟನ್ನು ತಾಳಲಾರದಾಯಿತು. ಈ ವಿನ್ಯಾಸವು ಉಷ್ಣದ ದೆಸೆಯಿಂದ ಇಕ್ಕಟ್ಟಿಗೆ ಸಿಕ್ಕಿತೆಂದು 2017ರಲ್ಲಿ ಸಂಸ್ಥೆಯವರೇ ಒಪ್ಪಿಕೊಂಡರು. 2019ರ ಮ್ಯಾಕ್ ಪ್ರೊ ಮತ್ತೆ ದೊಡ್ಡ ಪೆಟ್ಟಿಗೆಯಾಗಿಯೇ ಬಂದಿತು.

ಜೋಡಿಸುವವರಿಗೆ

ಈ ತತ್ತ್ವಗಳಿಂದ ಜೋಡಣೆಯ ಕ್ರಮ ತಾನಾಗಿ ಹೊರಡುತ್ತದೆ. ಪೆಟ್ಟಿಗೆಯನ್ನು ಕೊಳ್ಳುವ ಮುನ್ನ ಅದರ ಚಿತ್ರ ಬರೆದು, ಗಾಳಿ ಎಲ್ಲಿ ಒಳಬರುವುದು, ಎಲ್ಲಿ ಹೊರಹೋಗುವುದು ಎಂದು ಬಾಣದ ಗುರುತು ಹಾಕಬೇಕು. ಒಂದರ ಬಿಸಿಗಾಳಿ ಇನ್ನೊಂದರ ಬಾಯಿಗೆ ಬೀಳಕೂಡದು. ಹಲವು ಕಿರುಪೆಟ್ಟಿಗೆಗಳಲ್ಲಿ ಬೋರ್ಡನ್ನೂ ಕಾರ್ಡನ್ನೂ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ, ನಡುವೆ ತಗಡನ್ನಿಟ್ಟು, ಎರಡನ್ನೂ ಬಾಗುವ ಪಟ್ಟಿತಂತಿಯಿಂದ ಸೇರಿಸುವುದು ಇದಕ್ಕಾಗಿಯೇ. ಆಗ ಎರಡೂ ತಮ್ಮ ತಮ್ಮ ಬದಿಯ ಜಾಲರಿಯಿಂದ ಹೊಸ ಗಾಳಿಯನ್ನು ಸೆಳೆದುಕೊಳ್ಳುತ್ತವೆ. ಕೂಲರಿನ ಎತ್ತರ, ಕಾರ್ಡಿನ ಉದ್ದ ಮತ್ತು ದಪ್ಪ ಇವನ್ನು ಮಿಲಿಮೀಟರಿನ ಲೆಕ್ಕದಲ್ಲಿ ಹೋಲಿಸಿ ನೋಡತಕ್ಕದ್ದು.

ಜೋಡಿಸುವಾಗ ಮೈಯ ಸ್ಥಿರವಿದ್ಯುತ್ತು ಚಿಪ್ಪನ್ನು ಕೆಡಿಸದಂತೆ, ನೆಲಕ್ಕೆ ಸಂಪರ್ಕವಿರುವ ಲೋಹವನ್ನು ಮೊದಲು ಮುಟ್ಟಬೇಕು. ಪ್ರಾಸೆಸರು, ಸ್ಮರಣೆಯ ಪಟ್ಟಿ, ಎಸ್.ಎಸ್.ಡಿ., ಕೂಲರು ಇವನ್ನು ಬೋರ್ಡಿಗೆ ಹೊರಗಡೆಯೇ ಕೂಡಿಸಿ, ನಡೆಸಿ ನೋಡಿ, ಆಮೇಲೆ ಒಳಗಿಡುವುದು ಲೇಸು. ಇಕ್ಕಟ್ಟಿನಲ್ಲಿ ಒಂದು ತಪ್ಪನ್ನು ತಿದ್ದಲು ಎಲ್ಲವನ್ನೂ ಬಿಚ್ಚಬೇಕಾಗುತ್ತದೆ. ರೆಕ್ಕೆಗಳ ನಡುವಣ ಸಂದು ಬಹು ಕಿರಿದಾದ್ದರಿಂದ ಧೂಳನ್ನು ಆಗಾಗ ತೆಗೆಯುತ್ತಿರಬೇಕು.

ಇವೆಲ್ಲಕ್ಕಿಂತ ಮೇಲಾದ ಉಪಾಯ ಉಷ್ಣವನ್ನು ಹುಟ್ಟುವಲ್ಲಿಯೇ ತಗ್ಗಿಸುವುದು. ಚಿಪ್ಪು ಬಳಸುವ ವಿದ್ಯುತ್ತಿನ ಬಹುಭಾಗವು ವೋಲ್ಟೇಜಿನ ವರ್ಗಕ್ಕೂ ಬಡಿತದ ವೇಗಕ್ಕೂ ಅನುಪಾತದಲ್ಲಿರುತ್ತದೆ. ಎರಡನ್ನೂ ನೂರಕ್ಕೆ ಹತ್ತರಂತೆ ಇಳಿಸಿದರೆ ಆ ಭಾಗದ ಉಷ್ಣ ನೂರಕ್ಕೆ ಇಪ್ಪತ್ತೇಳರಷ್ಟು ಇಳಿಯುತ್ತದೆ. ಹತ್ತನ್ನು ಬಿಟ್ಟುಕೊಟ್ಟು ಇಪ್ಪತ್ತೇಳನ್ನು ಪಡೆಯುವ ಈ ವ್ಯಾಪಾರ ಕಿರುಪೆಟ್ಟಿಗೆಯಲ್ಲಿ ಬಲು ಲಾಭದಾಯಕ. ಪ್ರಾಸೆಸರಿನ ವಿದ್ಯುತ್ ಮಿತಿಯನ್ನು ತಗ್ಗಿಸುವ ಏರ್ಪಾಡು ಅನೇಕ ಮದರ್‌ಬೋರ್ಡುಗಳಲ್ಲಿ ಇದೆ.

ಯಂತ್ರ ಚಿಕ್ಕದಾದಂತೆ ಪ್ರಕೃತಿಯ ನಿಯಮಗಳು ಸಡಿಲವಾಗುವುದಿಲ್ಲ. ಭಾಗಗಳಿಗೆ ಜಾಗವನ್ನು ಹುಡುಕುವ ಮೊದಲು ಉಷ್ಣಕ್ಕೆ ದಾರಿಯನ್ನು ಹುಡುಕಿದವನ ಪೆಟ್ಟಿಗೆ ಎಷ್ಟು ಕಿರಿದಾಗಿದ್ದರೂ ತಂಪಾಗಿ ಬಹುಕಾಲ ದುಡಿಯುತ್ತದೆ.