ನಿಮಗಿದು ಗೊತ್ತೆ? ಸಕ್ಕರೆ ಕಾಯಿಲೆ ತಡೆಯುವಲ್ಲಿ ನಡಿಗೆ ಮಾತ್ರೆಗೆ ಕಡಿಮೆಯಿಲ್ಲ

ಮನೆತನದಲ್ಲೇ ಸಕ್ಕರೆ ಕಾಯಿಲೆ ಇದೆ, ನಮಗೂ ಬಂದೇ ಬರುತ್ತದೆ ಎಂದು ಕೈಚೆಲ್ಲುವವರು ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಗಮನಿಸಬೇಕು. ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯನ್ನು ನಾಲ್ಕು ಗುಂಪು ಮಾಡಿ ಮೂರು ವರ್ಷ ಪರಿಶೀಲಿಸಲಾಯಿತು. ಮಾಮೂಲಿ ಸಲಹೆಯಷ್ಟೇ ಪಡೆದವರಲ್ಲಿ ಶೇ. 55 ಮಂದಿಗೆ ಮಧುಮೇಹ ಬಂತು. ಸಕ್ಕರೆ, ಮೈದಾದಂಥ ಪದಾರ್ಥ, ಜಿಡ್ಡು ಕಡಿಮೆ ಮಾಡಿ ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಲು ಹೇಳಿಸಿಕೊಂಡವರಲ್ಲಿ ಈ ಪ್ರಮಾಣ ಶೇ. 39.3. ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 40.5. ಎರಡನ್ನೂ ಪಾಲಿಸಿದವರಲ್ಲಿ ಶೇ. 39.5. ಅಂದರೆ ಪಥ್ಯ, ನಡಿಗೆಯ ಜೊತೆಗೆ ಮಾತ್ರೆ ಸೇರಿಸಿದ್ದರಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ.

ತೂಕ ಇಳಿಯದಿದ್ದರೆ ನಡೆದೇನು ಫಲ ಎನ್ನಬಹುದು. ಈ ಅಧ್ಯಯನದಲ್ಲಿ ತೂಕ ಹೇಳಿಕೊಳ್ಳುವಷ್ಟು ಇಳಿಯದೆಯೂ ಫಲ ಸಿಕ್ಕಿತು. ಏಕೆಂದರೆ ದುಡಿಯುವ ಸ್ನಾಯು ಇನ್ಸುಲಿನ್‌ಗೆ ಕಾಯದೆಯೂ ರಕ್ತದ ಗ್ಲೂಕೋಸನ್ನು ಎಳೆದುಕೊಳ್ಳಬಲ್ಲದು. ಇಷ್ಟಾದರೂ ಶೇ. 39 ಮಂದಿಗೆ ಕಾಯಿಲೆ ಬಂತಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಮುಂದೂಡಿದ್ದೂ ದೊಡ್ಡ ಲಾಭವೇ. ಚೀನಾದ ಡಾಚಿಂಗ್‌ನಲ್ಲಿ 1986ರಲ್ಲಿ ಶುರುವಾದ ಇಂಥದೇ ಪ್ರಯೋಗವನ್ನು 30 ವರ್ಷ ಹಿಂಬಾಲಿಸಿದಾಗ, ಪಥ್ಯ, ವ್ಯಾಯಾಮ ಅಥವಾ ಎರಡನ್ನೂ ಪಾಲಿಸಿದವರಿಗೆ ಮಧುಮೇಹ ಸರಾಸರಿ ಸುಮಾರು 4 ವರ್ಷ ತಡವಾಗಿ ಬಂದಿತ್ತು, ಹೃದ್ರೋಗದ ಸಾವುಗಳೂ ಕಡಿಮೆಯಾಗಿದ್ದವು. ಕಾಯಿಲೆಗೆ ಮುಂಚಿನ ಈ ಹೊಸ್ತಿಲ ಹಂತದಲ್ಲಿ ಸಾಮಾನ್ಯವಾಗಿ ಯಾವ ಲಕ್ಷಣವೂ ಕಾಣದು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ಮಾಡುವ ರಕ್ತಪರೀಕ್ಷೆಯಲ್ಲಿ ಪ್ರತಿ ಡೆಸಿಲೀಟರ್‌ಗೆ 140ರಿಂದ 199 ಮಿ.ಗ್ರಾಂ ಬಂದರೆ ಅದೇ ಸೂಚನೆ.