ಟಿಂಗ್ ಅಂದ ಮೆಸೇಜು, ಮೂರು ದಿನದ ಲೆಕ್ಕ

ಗಲ್ಫ್‌ನಲ್ಲಿರುವ ಮಗ ಹಣ ಕಳಿಸುತ್ತಾನೆ, ಮಂಗಳೂರಿನಲ್ಲಿರುವ ಅಮ್ಮ ಪಡೆಯುತ್ತಾರೆ. ಈ ನಡುವೆ ಬ್ಯಾಂಕಿನವರು ನಮಗೆ ಏನೇನು ತಿಳಿಸಬೇಕು? ಯಾವ ದಾಖಲೆ ಅವರ ಬಳಿ ಇರಬೇಕು, ಯಾವುದು ನಮ್ಮ ಬಳಿ?

ತಿಂಗಳ ಮೊದಲ ವಾರ ಹಂಪನಕಟ್ಟೆಯಲ್ಲೋ ಕಂಕನಾಡಿಯಲ್ಲೋ ಯಾವುದಾದರೂ ಬ್ಯಾಂಕ್ ಶಾಖೆಗೆ ಹೋಗಿ ನೋಡಿ. ಪಾಸ್‌ಬುಕ್ ಪ್ರಿಂಟ್ ಮಾಡುವ ಯಂತ್ರದ ಮುಂದೆ ಹಿರಿಯರ ಸಾಲು ಇದ್ದೇ ಇರುತ್ತದೆ. "ದುಬೈಯಿಂದ ದುಡ್ಡು ಬಂದಿದೆಯಾ ನೋಡಿ ಮಾರಾಯ್ರೆ" ಎಂದು ಒಬ್ಬರು. "ಇದೆಂತ 236 ರೂಪಾಯಿ ಕಟ್ ಆದದ್ದು?" ಎಂದು ಇನ್ನೊಬ್ಬರು. ಮೊಬೈಲಿಗೆ ಮೆಸೇಜ್ ಬರಲಿಲ್ಲವೇ ಎಂದು ಕೇಳಿದರೆ ಬರುವ ಉತ್ತರ ಹೆಚ್ಚಾಗಿ ಒಂದೇ: "ಬ್ಯಾಂಕಲ್ಲಿ ಕೊಟ್ಟದ್ದು ಮಗನ ನಂಬರ್. ಅವನು ಇಲ್ಲಿಲ್ಲ, ಆ ಸಿಮ್ ಈಗ ಉಂಟೋ ಇಲ್ಲವೋ ಗೊತ್ತಿಲ್ಲ."

ಕೇಳಲು ಸಣ್ಣ ಮಾತು. ಆದರೆ ಖಾತೆಯಿಂದ ಹಣ ಕಳುವಾದ ದಿನ ಅದು ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ರೂಪಾಯಿಯ ಮಾತಾಗುತ್ತದೆ. ಕಾರಣ, ಹೋದ ಹಣ ನಮಗೆ ವಾಪಸ್ ಸಿಗುತ್ತದೋ ಇಲ್ಲವೋ ಎಂಬ ಲೆಕ್ಕ ಶುರುವಾಗುವುದೇ ಆ ಮೆಸೇಜಿನಿಂದ.

ಪಿಗ್ಮಿ ಪುಸ್ತಕದ ಊರು

ಬ್ಯಾಂಕ್ ಲೆಕ್ಕ ನಮ್ಮ ಜಿಲ್ಲೆಗೆ ಹೊಸತೇನಲ್ಲ. ಕೆನರಾ ಬ್ಯಾಂಕ್ 1906ರಲ್ಲಿ, ಕರ್ನಾಟಕ ಬ್ಯಾಂಕ್ 1924ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಹುಟ್ಟಿದ್ದು ಮಂಗಳೂರಿನಲ್ಲೇ. ಕಾರ್ಪೊರೇಷನ್ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್‌ಗಳ ತವರು ಉಡುಪಿ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದಾಗ ಏಜೆಂಟರು ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆಯುತ್ತಿದ್ದರು. ಕೊಟ್ಟ ಹಣ ಆಗಲೇ ಪುಸ್ತಕದಲ್ಲಿ ಬರೆದದ್ದು ಕಾಣಬೇಕು ಎಂಬ ಅಭ್ಯಾಸ ನಮ್ಮ ಅಜ್ಜಿಯಂದಿರಿಗೇ ಇತ್ತು.

ಈಗ ಏಜೆಂಟರ ಜಾಗದಲ್ಲಿ ಮೊಬೈಲ್ ಬಂದಿದೆ, ಪುಸ್ತಕದ ಜಾಗದಲ್ಲಿ ಎಸ್ಎಂಎಸ್. ಪುಸ್ತಕವನ್ನು ಕಪಾಟಿನಲ್ಲಿ ಜೋಪಾನವಾಗಿ ಇಡುತ್ತಿದ್ದವರೇ ಎಸ್ಎಂಎಸ್ ಅನ್ನು ಓದದೆ ಬಿಡುತ್ತಾರೆ.

ಕಳಿಸುವ ಮುನ್ನ ಕೇಳಬೇಕಾದ ಪ್ರಶ್ನೆ

ಮೊದಲು ಹಣ ಕಳಿಸುವವರ ಕಡೆ ನೋಡೋಣ. ಎಕ್ಸ್‌ಚೇಂಜ್‌ನ ಬೋರ್ಡಿನಲ್ಲೋ ಆ್ಯಪ್‌ನಲ್ಲೋ "ಶುಲ್ಕ ಇಲ್ಲ" ಎಂದು ದೊಡ್ಡದಾಗಿ ಬರೆದಿರುತ್ತದೆ. ಶುಲ್ಕ ಇಲ್ಲದಿರಬಹುದು, ವಿನಿಮಯ ದರದಲ್ಲಿ ವ್ಯತ್ಯಾಸ ಇರುತ್ತದೆ. ಮಗ 2,000 ದಿರ್ಹಮ್ ಕಳಿಸುತ್ತಾನೆ ಎಂದಿಟ್ಟುಕೊಳ್ಳಿ. ಒಂದು ಕಡೆ ದಿರ್ಹಮ್‌ಗೆ 23 ರೂಪಾಯಿ, ಇನ್ನೊಂದು ಕಡೆ 22 ರೂಪಾಯಿ 70 ಪೈಸೆ ಕೊಟ್ಟರೆ ಅಮ್ಮನ ಕೈಗೆ ಬರುವ ಹಣದಲ್ಲಿ 600 ರೂಪಾಯಿ ಕಡಿಮೆ. ತಿಂಗಳು ತಿಂಗಳು ಕಳಿಸಿದರೆ ವರ್ಷಕ್ಕೆ 7,200 ರೂಪಾಯಿ. ಆದ್ದರಿಂದ "ಶುಲ್ಕ ಎಷ್ಟು?" ಎಂದಷ್ಟೇ ಕೇಳಿದರೆ ಸಾಲದು. "ಊರಿನ ಖಾತೆಗೆ ಕೊನೆಗೆ ಎಷ್ಟು ರೂಪಾಯಿ ಬೀಳುತ್ತದೆ?" ಎಂದು ಕೇಳಬೇಕು.

ಅಮೆರಿಕದಲ್ಲಿ ಇದನ್ನು ಗ್ರಾಹಕರು ಕೇಳುವ ಮೊದಲೇ ಹೇಳಬೇಕೆಂದು ಕಾನೂನೇ ಉಂಟು. 2013ರ ಅಕ್ಟೋಬರ್ 28ರಿಂದ ಜಾರಿಯಲ್ಲಿರುವ ನಿಯಮದಂತೆ, ಅಲ್ಲಿಂದ ವಿದೇಶಕ್ಕೆ ಹಣ ಕಳಿಸುವ ಗ್ರಾಹಕರಿಗೆ ವಿನಿಮಯ ದರ, ಶುಲ್ಕ, ಪಡೆಯುವವರಿಗೆ ಸಿಗುವ ಮೊತ್ತ ಇಷ್ಟನ್ನೂ ಹಣ ಕಟ್ಟುವ ಮೊದಲೇ ತಿಳಿಸಬೇಕು. ಹಣ ಕಟ್ಟಿದ ಮೇಲೂ, ಅದು ಇನ್ನೂ ತಲುಪಿರದಿದ್ದರೆ, ಸಾಮಾನ್ಯವಾಗಿ 30 ನಿಮಿಷದೊಳಗೆ ರದ್ದು ಮಾಡಬಹುದು. ತಪ್ಪಾಗಿದ್ದರೆ 180 ದಿನದೊಳಗೆ ದೂರು ಕೊಡಬಹುದು. ನಿಯಮ ಪಾಲಿಸಿದ್ದಕ್ಕೆ ಪುರಾವೆಯನ್ನು ಕಂಪನಿ ಎರಡು ವರ್ಷ ಇಟ್ಟುಕೊಳ್ಳಬೇಕು. ನಿಮ್ಮ ಮಕ್ಕಳು ಅಲ್ಲಿದ್ದರೆ ಇದನ್ನು ತಿಳಿಸಿ.

ಊರಲ್ಲಿ ಹಣ ಪಡೆಯುವವರಿಗೂ ಕೆಲವು ಮಿತಿಗಳಿವೆ. ಖಾತೆಯ ಮೂಲಕವಲ್ಲದೆ, ಮನಿ ಟ್ರಾನ್ಸ್‌ಫರ್ ಏಜೆನ್ಸಿಯ ಕೌಂಟರಿನಲ್ಲಿ ಹಣ ಪಡೆಯುವ ವ್ಯವಸ್ಥೆಯಲ್ಲಿ ಒಂದು ಸಲಕ್ಕೆ ಗರಿಷ್ಠ 2,500 ಅಮೆರಿಕನ್ ಡಾಲರ್, ಒಬ್ಬರಿಗೆ ವರ್ಷದಲ್ಲಿ 30 ಸಲ ಎಂದು ರಿಸರ್ವ್ ಬ್ಯಾಂಕ್ ಮಿತಿ ಹಾಕಿದೆ. ನಗದಾಗಿ ಕೈಗೆ ಕೊಡುವುದು 50,000 ರೂಪಾಯಿವರೆಗೆ ಮಾತ್ರ.

ಮೂರು ದಿನದ ಲೆಕ್ಕ

ಈಗ ಮುಖ್ಯ ವಿಷಯ. ನೀವು ಮಾಡದ ವ್ಯವಹಾರವೊಂದು ನಿಮ್ಮ ಖಾತೆಯಲ್ಲಿ ನಡೆದರೆ ನಷ್ಟ ಯಾರದ್ದು? 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಇದಕ್ಕೆ ಉತ್ತರ ಕೊಟ್ಟಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಸಹಕಾರಿ ಬ್ಯಾಂಕ್‌ಗಳಿಗೂ ಅಂಥದ್ದೇ ಸೂಚನೆ ಹೋಯಿತು. ಅದರ ಸಾರ ಇಷ್ಟು:

• ತಪ್ಪು ಬ್ಯಾಂಕಿನದ್ದೇ ಆಗಿದ್ದರೆ ನಿಮಗೆ ನಷ್ಟವಿಲ್ಲ. ನೀವು ದೂರು ಕೊಟ್ಟಿರಲಿ, ಇಲ್ಲದಿರಲಿ.

• ತಪ್ಪು ಬ್ಯಾಂಕಿನದ್ದೂ ಅಲ್ಲ, ನಿಮ್ಮದೂ ಅಲ್ಲ, ಬೇರೆಲ್ಲೋ ಸೋರಿಕೆಯಾಗಿದೆ ಎಂದಾದರೆ, ಬ್ಯಾಂಕಿನ ಮಾಹಿತಿ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ಸೊನ್ನೆ.

• ನಾಲ್ಕರಿಂದ ಏಳು ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವರು ಒಂದು ವ್ಯವಹಾರಕ್ಕೆ ಹೆಚ್ಚೆಂದರೆ 10,000 ರೂಪಾಯಿ, ಮೂಲ ಉಳಿತಾಯ ಖಾತೆಯವರು 5,000 ರೂಪಾಯಿ ಹೊರಬೇಕು.

• ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿ ಮಾಡಿಕೊಂಡ ನೀತಿಯಂತೆ.

ದಿನ ಎಣಿಸುವಾಗ ಮೆಸೇಜ್ ಬಂದ ದಿನ ಲೆಕ್ಕಕ್ಕಿಲ್ಲ, ನಿಮ್ಮ ಶಾಖೆಯ ರಜೆಗಳೂ ಲೆಕ್ಕಕ್ಕಿಲ್ಲ. ಎರಡನೇ ಶನಿವಾರದ ಹಿಂದಿನ ಶುಕ್ರವಾರ ಮೆಸೇಜ್ ಬಂತು ಎನ್ನಿ. ಶನಿವಾರ, ಭಾನುವಾರ ರಜೆ. ಸೋಮವಾರ ಒಂದು, ಮಂಗಳವಾರ ಎರಡು, ಬುಧವಾರ ಮೂರು. ಇದು ಕಾಗದದ ಲೆಕ್ಕ ಮಾತ್ರ. ಕದ್ದ ಹಣ ನಿಮಿಷಗಳಲ್ಲಿ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತದೆ, ಹಾಗಾಗಿ ಬುಧವಾರದವರೆಗೆ ಕಾಯುವುದು ಬೇಡ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಮೆಸೇಜ್ ಯಾವ ದಿನ, ಎಷ್ಟು ಹೊತ್ತಿಗೆ ತಲುಪಿತು, ಗ್ರಾಹಕರ ಉತ್ತರ ಯಾವಾಗ ಬಂತು ಎಂಬುದನ್ನು ಬ್ಯಾಂಕಿನ ವ್ಯವಸ್ಥೆ ದಾಖಲಿಸಿಟ್ಟುಕೊಳ್ಳಬೇಕು ಎಂದು ಅದೇ ಸುತ್ತೋಲೆ ಹೇಳುತ್ತದೆ. ನಿಮ್ಮ ಹೊಣೆ ಎಷ್ಟು ಎಂದು ತೀರ್ಮಾನಿಸುವಾಗ ಈ ದಾಖಲೆ ಮುಖ್ಯ. ಮಗನ ಹಳೇ ನಂಬರಿಗೆ ಹೋದ ಮೆಸೇಜ್ ಅಮ್ಮನಿಗೆ ಗೊತ್ತೇ ಆಗದಿದ್ದರೂ, ಬ್ಯಾಂಕಿನ ಕಡತದಲ್ಲಿ ಅದು "ತಲುಪಿದೆ" ಎಂದೇ ಇರಬಹುದು. ಅಮ್ಮ ತಿಂಗಳ ಕೊನೆಗೆ ಪಾಸ್‌ಬುಕ್ ಪ್ರಿಂಟ್ ಹಾಕಿಸಿ ನೋಡುವಾಗ ಮೂರೂ ಇಲ್ಲ, ಏಳೂ ಇಲ್ಲ.

ದೂರು ಕೊಟ್ಟ ಮೇಲೆ ಬ್ಯಾಂಕ್ ಕೂಡಲೇ ದೂರಿನ ಸಂಖ್ಯೆ ಕೊಡಬೇಕು. ಹತ್ತು ಕೆಲಸದ ದಿನದೊಳಗೆ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮೆ ಮಾಡಬೇಕು. 90 ದಿನದೊಳಗೆ ಇತ್ಯರ್ಥ ಮಾಡಬೇಕು. ತಪ್ಪು ಗ್ರಾಹಕರದ್ದು ಎಂದು ಸಾಬೀತು ಮಾಡುವ ಹೊಣೆಯೂ ಬ್ಯಾಂಕಿನದ್ದೇ.

"ಮಗನಿಗೆ ಹೇಳಿದರೆ ಬೈತಾನೆ"

ಒಟಿಪಿಯನ್ನೋ ಪಿನ್ ಅನ್ನೋ ನಾವೇ ಯಾರಿಗೋ ಹೇಳಿಬಿಟ್ಟಿದ್ದರೆ? ಆಗ ದೂರು ಕೊಡುವವರೆಗಿನ ನಷ್ಟ ಪೂರ್ತಿ ನಮ್ಮದೇ. ಆದರೆ ದೂರು ಕೊಟ್ಟ ನಂತರ ನಡೆಯುವ ನಷ್ಟ ಬ್ಯಾಂಕಿನದ್ದು. ಈ ಎರಡನೇ ಭಾಗವನ್ನು ಮನೆಯ ಹಿರಿಯರಿಗೆ ಬಿಡಿಸಿ ಹೇಳಬೇಕು.

ಯಾಕೆಂದರೆ ಮೋಸ ಹೋದವರು ಮೊದಲು ಮಾಡುವ ಕೆಲಸ ಸುಮ್ಮನಿರುವುದು. "ನಾನೇ ಒಟಿಪಿ ಹೇಳಿದೆ, ಈಗ ಯಾವ ಮುಖದಲ್ಲಿ ಬ್ಯಾಂಕಿಗೆ ಹೋಗಲಿ? ಮಗನಿಗೆ ಹೇಳಿದರೆ ಬೈತಾನೆ, ಸೊಸೆ ಏನೆಂದುಕೊಳ್ಳುತ್ತಾಳೋ." ಹೀಗೆ ಮುಚ್ಚಿಟ್ಟ ಎರಡು ದಿನದಲ್ಲಿ ಖಾತೆಯಲ್ಲಿ ಉಳಿದದ್ದೂ ಹೋಗುತ್ತದೆ. ವಿದೇಶದಲ್ಲಿರುವ ಮಕ್ಕಳು ಅಪ್ಪ ಅಮ್ಮನಿಗೆ ಒಂದು ಮಾತು ಮೊದಲೇ ಹೇಳಿಡಬೇಕು: "ಏನೇ ಆಗಲಿ, ಆದ ತಕ್ಷಣ ಹೇಳಿ. ನಾನು ಬೈಯುವುದಿಲ್ಲ." ಸುತ್ತೋಲೆಯ ಎಲ್ಲ ಕಲಮುಗಳಿಗಿಂತ ಈ ಮಾತಿನಿಂದ ಹೆಚ್ಚು ಹಣ ಉಳಿದೀತು.

ಮೋಸವಾದದ್ದು ಗೊತ್ತಾದ ಕೂಡಲೇ ಬ್ಯಾಂಕಿಗೂ, 1930 ಎಂಬ ಸೈಬರ್ ವಂಚನೆ ಸಹಾಯವಾಣಿಗೂ ಫೋನ್ ಮಾಡಿ.

ಹಣ ಕಟ್ ಆಯ್ತು, ಅಲ್ಲಿ ತಲುಪಲಿಲ್ಲ

ಇದು ಮೋಸವಲ್ಲ, ತಾಂತ್ರಿಕ ತೊಂದರೆ. 2019ರ ಸೆಪ್ಟೆಂಬರ್ 20ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಇದಕ್ಕೂ ಗಡುವು ಹಾಕಿದೆ. ಯುಪಿಐ ಅಥವಾ ಐಎಂಪಿಎಸ್‌ನಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಕಳಿಸಿದ ಹಣ ತಲುಪದಿದ್ದರೆ ಮರುದಿನದೊಳಗೆ ವಾಪಸ್ ಬರಬೇಕು. ಅಂಗಡಿಗೆ ಮಾಡಿದ ಯುಪಿಐ ಪಾವತಿಗೆ ಮತ್ತು ಎಟಿಎಂನಲ್ಲಿ ನೋಟು ಬಾರದೆ ಖಾತೆಯಿಂದ ಕಟ್ ಆದದ್ದಕ್ಕೆ ಐದು ದಿನ. ಗಡುವು ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಅದನ್ನು ನಾವು ಕೇಳದೆಯೇ ಕೊಡಬೇಕು ಎಂದು ನಿಯಮದಲ್ಲೇ ಇದೆ.

ಆದರೆ ನಾವೇ ತಪ್ಪು ನಂಬರ್ ಒತ್ತಿ ಬೇರೆಯವರಿಗೆ ಕಳಿಸಿದ್ದರೆ ಈ ಗಡುವು ಅನ್ವಯಿಸದು. ಆಗ ಕೂಡಲೇ ನಮ್ಮ ಬ್ಯಾಂಕಿಗೆ ದೂರು ಕೊಟ್ಟು, ಅವರ ಮೂಲಕ ಹಣ ಪಡೆದವರನ್ನು ಒಪ್ಪಿಸುವ ದಾರಿ ಹಿಡಿಯಬೇಕು. ಅದಕ್ಕೇ ಕಳಿಸುವ ಮೊದಲು ಹೆಸರು ನೋಡಿಕೊಳ್ಳುವುದು ಒಳ್ಳೆಯದು. ಯುಪಿಐನಲ್ಲಿ ಹೆಸರು ಮೊದಲಿನಿಂದಲೂ ಕಾಣುತ್ತದೆ. ನೆಫ್ಟ್ ಮತ್ತು ಆರ್‌ಟಿಜಿಎಸ್‌ನಲ್ಲೂ ಪಡೆಯುವವರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು.

ಯಾರ ಬಳಿ ಯಾವ ದಾಖಲೆ?

ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಪ್ರಕಾರ ಬ್ಯಾಂಕುಗಳು ವ್ಯವಹಾರದ ದಾಖಲೆಯನ್ನು ಕನಿಷ್ಠ ಐದು ವರ್ಷ ಇಡಬೇಕು. ಹಾಗಿದ್ದ ಮೇಲೆ ನಾವ್ಯಾಕೆ ಇಡಬೇಕು ಎನ್ನಬೇಡಿ. ಐದು ವರ್ಷದ ಹಿಂದಿನ ಹಣದ ಪ್ರಶ್ನೆ ಬರುವುದು ಜಾಗ ತೆಗೆಯುವಾಗ, ಪಾಲು ಮಾಡುವಾಗ, ತೆರಿಗೆ ಇಲಾಖೆಯವರು ಕೇಳಿದಾಗ. ಮಗ ತಾಯಿಗೆ ಕಳಿಸಿದ ಹಣಕ್ಕೆ ತಾಯಿ ಆದಾಯ ತೆರಿಗೆ ಕಟ್ಟಬೇಕಾಗಿಲ್ಲ. ಆದರೆ ಅದು ಮಗನೇ ಕಳಿಸಿದ್ದು ಎಂದು ತೋರಿಸಲು ಕಾಗದ ಬೇಕಲ್ಲ?

ನಮ್ಮೂರಲ್ಲಿ ಇನ್ನೊಂದು ಕಾರಣವೂ ಉಂಟು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ, 2020ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ ವಿಲೀನವಾದವು. ಐಎಫ್ಎಸ್‌ಸಿ ಬದಲಾಯಿತು, ಪಾಸ್‌ಬುಕ್ ಬದಲಾಯಿತು. "ಹಳೇದು ಯಾಕೆ" ಎಂದು ಹಳೇ ಪಾಸ್‌ಬುಕ್ಕನ್ನು ಗುಜರಿಗೆ ಹಾಕಬೇಡಿ. ಅದರಲ್ಲಿರುವ ಸಾಲುಗಳು ನಿಮ್ಮ ಮನೆಯ ಲೆಕ್ಕ.

ಮೊಬೈಲಿನ ಸ್ಕ್ರೀನ್‌ಶಾಟ್ ನೆನಪಿಗೆ ಒಳ್ಳೆಯದು, ಆದರೆ ಕೋರ್ಟಿನಲ್ಲಿ ತೂಕ ಬರುವುದು ಬ್ಯಾಂಕ್ ದೃಢೀಕರಿಸಿದ ಸ್ಟೇಟ್‌ಮೆಂಟ್‌ಗೆ. 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆ ಅದಕ್ಕೆ ಸಾಕ್ಷ್ಯದ ಸ್ಥಾನ ಕೊಟ್ಟಿದೆ. ಪಾಸ್‌ಬುಕ್‌ನಲ್ಲಿ ಅರ್ಥವಾಗದ ಅಕ್ಷರಗಳಷ್ಟೇ ಇದ್ದರೆ ಕೇಳಿ. ಯಾರಿಂದ ಬಂತು, ಯಾವ ಶುಲ್ಕಕ್ಕೆ ಕಟ್ ಆಯಿತು ಎಂಬ ವಿವರ ನಮೂದಿಸಬೇಕೆಂದು 2017ರಲ್ಲೇ ಬ್ಯಾಂಕುಗಳಿಗೆ ಸೂಚನೆ ಹೋಗಿದೆ.

ಮನೆಯ ಫೈಲಿನಲ್ಲಿ ಇವು ಇರಲಿ

• ಹಣ ಕಳಿಸಿದ ರಶೀದಿ: ದಿನಾಂಕ, ದರ, ಶುಲ್ಕ, ಇಲ್ಲಿ ಸಿಗುವ ರೂಪಾಯಿ ಎಷ್ಟು ಎಂಬುದು ಕಾಣುವಂತೆ. ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ಪ್ರಿಂಟ್ ಹಾಕಿಸಿಡಿ.

• ವ್ಯವಹಾರದ ಉಲ್ಲೇಖ ಸಂಖ್ಯೆ. ಯುಪಿಐಗೆ 12 ಅಂಕಿ, ನೆಫ್ಟ್‌ಗೆ 16, ಆರ್‌ಟಿಜಿಎಸ್‌ಗೆ 22 ಅಕ್ಷರ-ಅಂಕಿಗಳ ಯುಟಿಆರ್. ಇದಿಲ್ಲದೆ ಬ್ಯಾಂಕಿನಲ್ಲಿ ಹುಡುಕುವುದು ಕಷ್ಟ.

• ವಿದೇಶದಿಂದ ಬಂದ ದೊಡ್ಡ ಮೊತ್ತಕ್ಕೆ ಬ್ಯಾಂಕಿನಿಂದ ಪಡೆದ ಪತ್ರ.

• ವರ್ಷಕ್ಕೊಮ್ಮೆ, ಮಾರ್ಚ್ ಕಳೆದ ಮೇಲೆ, ಪೂರ್ತಿ ಸ್ಟೇಟ್‌ಮೆಂಟ್.

• ಕೊಟ್ಟ ದೂರುಗಳ ಸಂಖ್ಯೆ, ದಿನಾಂಕ, ಹೊತ್ತು. ಬಾಯಿಮಾತಿನಲ್ಲಿ ಹೇಳಿ ಬಂದದ್ದು ಲೆಕ್ಕಕ್ಕೆ ಸಿಗದು.

ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. 2021ರ ನವೆಂಬರ್ 12ರಿಂದ ಇದು ಇಡೀ ದೇಶಕ್ಕೆ ಒಂದೇ ವ್ಯವಸ್ಥೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ 14448. ಅಲ್ಲಿಯೂ ಮೊದಲು ಕೇಳುವುದು ಬ್ಯಾಂಕಿಗೆ ಕೊಟ್ಟ ದೂರಿನ ಪ್ರತಿಯನ್ನೇ.

ನಿಯಮಗಳು ಆಗಾಗ ಬದಲಾಗುತ್ತವೆ, ಮೊತ್ತಗಳೂ ಬದಲಾಗಬಹುದು. ನಿಮ್ಮ ಶಾಖೆಯಲ್ಲಿ ಒಮ್ಮೆ ವಿಚಾರಿಸಿ. ಹೋಗುವಾಗ ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಖಾತೆಯಲ್ಲಿ ಯಾವ ಮೊಬೈಲ್ ನಂಬರ್ ಇದೆ ಎಂದು ಕೇಳಿ. ಅದು ಅವರ ಕೈಯಲ್ಲಿರುವ ಫೋನಿನದ್ದಲ್ಲವಾದರೆ ಅವತ್ತೇ ಅರ್ಜಿ ತುಂಬಿ ಬದಲಿಸಿ ಬನ್ನಿ. ಅರ್ಧ ಗಂಟೆಯ ಕೆಲಸ.