ಜಕ್ಕಾಯನ ಲೆಕ್ಕ

ಸಂತ ಲೂಕರ ಶುಭಸಂದೇಶದ 18 ಮತ್ತು 19ನೆಯ ಅಧ್ಯಾಯಗಳಲ್ಲಿ ಇಬ್ಬರು ಧನಿಕರು ಯೇಸುಸ್ವಾಮಿಯನ್ನು ಸಂಧಿಸುತ್ತಾರೆ. ಮೊದಲನೆಯವನು ಬಾಲ್ಯದಿಂದಲೇ ಆಜ್ಞೆಗಳನ್ನು ಪಾಲಿಸಿದ ಸಜ್ಜನ. ಇರುವುದನ್ನೆಲ್ಲ ಮಾರಿ ಬಡವರಿಗೆ ಹಂಚಬೇಕೆಂದಾಗ ಆತ ದುಃಖಿತನಾದ. ಎರಡನೆಯವನು ಜೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ ಜಕ್ಕಾಯ. ಊರವರ ಕಣ್ಣಿಗೆ ಪಾಪಿ. ಅವನು ಬಡವರಿಗೆ ಕೊಡಲೊಪ್ಪಿದ್ದು ಅರ್ಧ ಆಸ್ತಿ ಮಾತ್ರ. ಆದರೂ ರಕ್ಷಣೆ ಬಂದದ್ದು ಅವನ ಮನೆಗೆ!

ಜಕ್ಕಾಯನ ಮಾತಿನ ಉತ್ತರಾರ್ಧವನ್ನು ನಾವು ಅವಸರದಲ್ಲಿ ಓದಿಬಿಡುತ್ತೇವೆ. ಮೋಸದಿಂದ ಪಡೆದುದನ್ನು ನಾಲ್ಮಡಿಯಾಗಿ ಹಿಂದಿರುಗಿಸುವುದಾಗಿ ಆತ ನುಡಿದ. ತಪ್ಪೊಪ್ಪಿಕೊಂಡವನು ಅಸಲಿಗೆ ಅದರ ಐದನೆಯ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕೆಂಬುದು ಮೋಶೆಯ ಧರ್ಮಶಾಸ್ತ್ರದ ವಿಧಿ. ನಾಲ್ಮಡಿ ಎಂಬುದು ಕದ್ದ ಕುರಿಯನ್ನು ಕೊಂದವನಿಗೋ ಮಾರಿದವನಿಗೋ ಇದ್ದ ದಂಡ. ಜಕ್ಕಾಯ ತನ್ನನ್ನು ಕಳ್ಳರ ಸಾಲಿನಲ್ಲಿ ತಾನೇ ನಿಲ್ಲಿಸಿಕೊಂಡ.

ದಾನ ನೀಡುವುದು ನಮಗೆ ಅಷ್ಟೇನೂ ಕಷ್ಟವಲ್ಲ. ದೇವಾಲಯದ ಅಮೃತಶಿಲೆಯ ಫಲಕದಲ್ಲಿ ಹೆಸರು ಮೂಡುತ್ತದೆ. (ಈ ಆಸೆಗೆ ನಾನೂ ಹೊರತಲ್ಲ.) ಆದರೆ ಆಳಿಗೆ ಕೊಡದೆ ಹಿಡಿದಿಟ್ಟ ಕೂಲಿ, ತಂಗಿಯ ಪಾಲಿನಿಂದ ಒತ್ತರಿಸಿದ ಗದ್ದೆಯ ಅಂಚು, ಇವು ಯಾವ ಫಲಕದಲ್ಲಿವೆ? ಇರುವುದರಲ್ಲಿ ತೃಪ್ತಿಪಡಬೇಕೆಂದು ಉಪದೇಶಿಸುವವರು ಬಹಳ. ಇರುವುದು ಯಾರದೆಂದು ಕೇಳುವವರು ವಿರಳ.

ಜಕ್ಕಾಯನ ಬಾಗಿಲಿಗೆ ಮರುದಿನ ಎಷ್ಟು ಮಂದಿ ಬಂದರೆಂದು ಲೂಕರು ಬರೆದಿಲ್ಲ. ಅವನಿಗೆ ಸುಂಕ ತೆತ್ತವರ ಊರು ಅದು. ಸಾಲು ಉದ್ದವೇ ಇದ್ದಿರಬೇಕು.